ನನ್ನ ಅಂಗೈಯಗಲದ ಶ್ರುತಿ ಯಂತ್ರ

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಕಪಾಟುಗಟ್ಟಲೆ ಪುಸ್ತಕಗಳನ್ನು ವಿಷಯವಾರು ಜೋಡಿಸಿ, ಯಾರು ಯಾವುದನ್ನು ಕೇಳಿದರೂ ಕಣ್ಣು ಮುಚ್ಚಿ ತೆಗೆದುಕೊಡುವ ಮನುಷ್ಯ. ಇಂಥವನಿಗೆ ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ ಮೂರು ಸಿಸ್ಟಂ ಜೋಡಿಸುವುದು ಯಾವ ಮಹಾ ಕೆಲಸ? ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಮಲಗುವುದಕ್ಕೆ ಮುಂಚೆ ಮುಗಿಸಬಹುದಾದ ಕೆಲಸ ಎಂದುಕೊಂಡಿದ್ದೆ. ಆ ಭಾನುವಾರದ ನಿದ್ದೆಯನ್ನು ನಾನು ಇನ್ನೂ ಮಾಡಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಶೈಲಜಾಳ ಹಾಡಿನಿಂದ. ನಾವಿರುವುದು ಅಜ್ಜಂಪುರದಲ್ಲಿ. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಒಂದು ಅಕ್ಕನ ಬಳಗ ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಕೂತು ವಚನ ಹಾಡುತ್ತಾರೆ. ಮುಂದೆ ಕೂತು ಹಾಡಿಸುವವಳು ಶೈಲಜಾ. ಅವಳ ಕಂಠದ ಬಗ್ಗೆ ನಾನು ಹೇಳಿದರೆ ಗಂಡ ಹೇಳಿದ ಎಂದಾಗುತ್ತದೆ. ಆದರೂ ಹೇಳುತ್ತೇನೆ. ಅವಳು ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದರೆ ಹಾಲಿನವನು ಹಾಲು ಹಾಕಿದ ಮೇಲೂ ಬಾಗಿಲು ಬಿಟ್ಟು ಹೋಗುವುದಿಲ್ಲ. ನಮ್ಮ ಮನೆಯಿಂದ ಮುಂದಿನ ಮನೆಗಳಿಗೆಲ್ಲ ಹಾಲು ತಡವಾಗುವುದಕ್ಕೆ ಇದೇ ಕಾರಣ.

ಬಳಗಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ ಟೀಚರಮ್ಮ ಮಗಳ ಬಾಣಂತನಕ್ಕೆಂದು ಹೋದವರು ಮೊಮ್ಮಗುವಿನ ಮುಖ ನೋಡುತ್ತಾ ಅಲ್ಲೇ ಉಳಿದುಬಿಟ್ಟರು. ಶ್ರುತಿಗೆ ಏನು ಮಾಡುವುದು? ಮೊಬೈಲಿನಲ್ಲೇ ತಂಬೂರಿ ಬರುತ್ತದಲ್ಲ ಎಂದು ಬೀರೂರಿನ ಒಂದು ಕಾರ್ಯಕ್ರಮದಲ್ಲಿ ಶೈಲಜಾ ತನ್ನ ಫೋನನ್ನೇ ಮೈಕಿನ ಮುಂದಿಟ್ಟುಕೊಂಡು ಹಾಡಿದಳು. ಹಾಡಿನ ನಡುವೆ ಫೋನ್ ಹೊಡೆದುಕೊಂಡಿತು. ಪಕ್ಕದಲ್ಲಿದ್ದವರು ಕಟ್ ಮಾಡಲು ಹೋಗಿ ಗಾಬರಿಯಲ್ಲಿ ಎತ್ತಿಬಿಟ್ಟರು. "ಮೇಡಂ, ನಿಮಗೆ ಸೈಟ್ ಏನಾದ್ರೂ ಬೇಕಿತ್ತಾ?" ಎಂಬ ಪ್ರಶ್ನೆ ಇಡೀ ಸಭಾಂಗಣಕ್ಕೆ ಕೇಳಿಸಿತು. ಸಭಿಕರಲ್ಲಿ ಒಬ್ಬರು "ಎಲ್ಲಿ ಬರುತ್ತೆ ಕೇಳ್ರಮ್ಮ" ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೈಲಜಾ ಹಾಡನ್ನು ಮುಗಿಸಿಯೇ ಎದ್ದಳು, ಆದರೆ ಮನೆಗೆ ಬಂದ ಮೇಲೆ ಬಹಳ ದಿನ ಅಡುಗೆಮನೆಯಲ್ಲಿ ಹಾಡಲಿಲ್ಲ. ಬೀದಿಗೆಲ್ಲ ಹಾಲು ಹೊತ್ತಿಗೆ ಸರಿಯಾಗಿ ಬಂತು. ನನಗೆ ಮಾತ್ರ ಆ ಹಾಲಿನ ಕಾಫಿ ರುಚಿಸಲಿಲ್ಲ.

ಹೀಗಿರುವಾಗ ತರೀಕೆರೆಯಿಂದ ಕರೆ ಬಂತು. ಸುತ್ತಲಿನ ಬಳಗಗಳೆಲ್ಲ ಒಂದೇ ವೇದಿಕೆಯಲ್ಲಿ ಹಾಡಬೇಕು. ಸಂಗೀತದ ಹಿರಿಯ ಮೇಷ್ಟ್ರೊಬ್ಬರು ಕೂತು ಕೇಳುತ್ತಾರೆ. ಅವರ ಮನಸ್ಸಿಗೆ ಬಂದ ಒಂದು ಬಳಗಕ್ಕೆ ಚಿಕ್ಕಮಗಳೂರಿನ ದೊಡ್ಡ ವೇದಿಕೆ. ಶೈಲಜಾ ಈ ಸುದ್ದಿ ಹೇಳಿದಾಗ ಅವಳ ಮುಖದಲ್ಲಿ ಆಸೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಇದರ ಜೊತೆಗೆ ಊರಿನ ಮರ್ಯಾದೆ ಬೇರೆ. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ನಮ್ಮದೇ ತಾಲ್ಲೂಕು. ಹೋಬಳಿಯಾಗಿದ್ದಾಗ ಹೇಗೆ ಹಾಡಿದರೂ ನಡೆಯುತ್ತಿತ್ತು. ತಾಲ್ಲೂಕಾದ ಮೇಲೆ ಶ್ರುತಿ ತಪ್ಪುವ ಹಾಗಿಲ್ಲ.

"ಇನ್ನೊಂದ್ಸಲ ಬೀರೂರಿನ ಹಾಗಾದ್ರೆ ನಮ್ಮನ್ನ ಯಾರೂ ಕರೆಯಲ್ಲ ಕಣ್ರೀ" ಎಂದಳು ಶೈಲಜಾ.

"ಶ್ರುತಿಯ ಜವಾಬ್ದಾರಿ ನನಗೆ ಬಿಡು" ಎಂದೆ. ಅವಳು ಬಿಟ್ಟಳು. ಮೂವತ್ತು ವರ್ಷ ಸಂಸಾರ ಮಾಡಿದವಳು ಹಾಗೆ ಬಿಡಬಾರದಿತ್ತು.

ನನ್ನ ಧೈರ್ಯಕ್ಕೆ ಕಾರಣವಿತ್ತು. ನಾನು ಒಂದು ಸಣ್ಣ ಯಂತ್ರ ತರಿಸಿಕೊಂಡಿದ್ದೆ. ಅಂಗೈಯಗಲ, ಮುಂದೆ ಪುಟ್ಟ ಪರದೆ, ಎರಡು ಕಡೆ ಗುಂಡಿಗಳು. ನೋಡಿದವರೆಲ್ಲ ಮಕ್ಕಳ ವಿಡಿಯೋ ಗೇಮ್ ಎನ್ನುತ್ತಿದ್ದರು. ಅದು ಬರುವಾಗ ಅದರ ಹೊಟ್ಟೆಯೊಳಗೆ ಗೇಮುಗಳೇ ಇದ್ದದ್ದೂ ನಿಜ. ಆದರೆ ಒಳಗಿರುವುದು ಲಿನಕ್ಸ್ ಎಂಬ ಕಂಪ್ಯೂಟರ್ ಸಿಸ್ಟಂ. ಬಗಲಿನ ಸೀಳಿನಲ್ಲಿ ಮೆಮೊರಿ ಕಾರ್ಡ್ ತೂರಿಸಿದರೆ ಯಂತ್ರ ತನ್ನ ಹೊಟ್ಟೆಯ ಗೇಮುಗಳನ್ನು ಮರೆತು ಕಾರ್ಡಿನಲ್ಲಿರುವ ಸಿಸ್ಟಂನಿಂದಲೇ ಎದ್ದೇಳುತ್ತದೆ. ಕಾರ್ಡ್ ಸಿಗದಿದ್ದರೆ ಮತ್ತೆ ಗೇಮು. ಇಷ್ಟೇ ಅದರ ನಿಯಮ. ಕಾರ್ಡಿಗೆ ಶ್ರುತಿಯ ಸಿಸ್ಟಂ ಹಾಕಿದರೆ ಫೋನ್ ಬರುವ ಭಯವಿಲ್ಲದ ತಂಬೂರಿ ಸಿದ್ಧ. ಇಂಥದ್ದೊಂದನ್ನು ಕಂಡುಹಿಡಿದು, ಬಿಡಿ ಬಿಡಿಯಾಗಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಲೋಕಕ್ಕೆ ಬಿಟ್ಟುಕೊಟ್ಟ ಪುಣ್ಯಾತ್ಮರನ್ನು ನಾನು ಈಗಲೂ ಮನಸಾರೆ ಮೆಚ್ಚುತ್ತೇನೆ. ಅವರು ಮಾಡಿದ ಒಂದೇ ತಪ್ಪೆಂದರೆ 'ಯಾರು ಬೇಕಾದರೂ' ಎಂದದ್ದು.

ಮೊದಲ ಪ್ರಯತ್ನದಲ್ಲಿ ನಾನು ಸಿಸ್ಟಂನ ಫೈಲನ್ನು ಕಂಪ್ಯೂಟರಿನಿಂದ ಕಾರ್ಡಿಗೆ ಕಾಪಿ ಮಾಡಿದೆ, ಪುಸ್ತಕವನ್ನು ಕಪಾಟಿಗೆ ಇಡುವ ಹಾಗೆ. ಯಂತ್ರ ಎದ್ದು ಗೇಮು ತೋರಿಸಿತು. ಓದಿ ನೋಡಿದರೆ, ಹಾಗೆ ಇಡುವಂತಿಲ್ಲವಂತೆ. ಕಾರ್ಡಿನ ಮೈಯೆಲ್ಲ ಅಳಿಸಿ, ಸಿಸ್ಟಂ ಅನ್ನು ಅದರ ಮೇಲೆ ಹೊಸದಾಗಿ ಬರೆಯಬೇಕಂತೆ. ಅಷ್ಟರಲ್ಲಿ ನನ್ನ ಕಾರ್ಡು ಹಳತಾಗಿ ಕೈಕೊಟ್ಟಿತು. ಹೊಸದು ಬರುವ ತನಕ ತಾಳ್ಮೆ ಯಾರಿಗಿದೆ? ಪಕ್ಕದ ಮನೆಯ ಗಂಗಕ್ಕನ ಸ್ಪೀಕರ್ ಡಬ್ಬಿಯಲ್ಲಿ ಒಂದು ಕಾರ್ಡಿರುವುದು ನೆನಪಾಯಿತು.

ಗಂಗಕ್ಕ ಬಳಗದಲ್ಲಿ ಹಿಂದಿನ ಸಾಲಿನವರು. ವಚನದ ಸಾಲುಗಳು ನೆನಪಿರುವುದಿಲ್ಲ ಎಂದು ತಾವಾಗಿಯೇ ಹಿಂದೆ ಕೂರುತ್ತಾರೆ. ಅವರ ಡಬ್ಬಿ ಬೆಳಗಿನ ಜಾವ ಭಕ್ತಿಗೀತೆಗಳನ್ನು ಇಡೀ ಬೀದಿಗೆ ಹಂಚುತ್ತಿತ್ತು. "ಒಂದು ಗಂಟೆ ಕಾರ್ಡ್ ಕೊಟ್ಟಿರಿ ಗಂಗಕ್ಕ, ನೋಡಿ ಕೊಡ್ತೀನಿ" ಎಂದು ತಂದೆ. ಹಾಡುಗಳನ್ನೆಲ್ಲ ಬೇರೆ ಕಡೆ ಎತ್ತಿಟ್ಟುಕೊಂಡು ಆಮೇಲೆ ಬರೆಯಬೇಕು ಎಂಬ ವಿವೇಕ ನನಗಿತ್ತು. ಬಂದದ್ದು ಬರೆದಾದ ಮೇಲೆ.

ಆದರೆ ಯಂತ್ರ ಎದ್ದಿತು! ತಂಬೂರಿಯ ನಾದ ನಮ್ಮ ನಡುಮನೆಯಲ್ಲಿ ತುಂಬಿಕೊಂಡಿತು. ಶೈಲಜಾ ಸೌಟು ಹಿಡಿದುಕೊಂಡೇ ಬಂದು ನಿಂತು, ಕಣ್ಣು ಮುಚ್ಚಿ ಒಂದು ಸಾಲು ಹಾಡಿದಳು. ಎಷ್ಟೋ ದಿನದ ಮೇಲೆ ಮನೆಯಲ್ಲಿ ಅವಳ ದನಿ ಕೇಳಿಸಿತು.

"ಚೆನ್ನಾಗಿದೆ ಕಣ್ರೀ. ಇಷ್ಟು ಸಾಕು. ಇನ್ನು ಅದನ್ನ ಮುಟ್ಬೇಡಿ" ಎಂದಳು.

ಆ ಮಾತನ್ನು ಕೇಳಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು.

ಗಂಗಕ್ಕನ ಬಳಿ ಹೋಗಿ, ಹಾಡುಗಳೆಲ್ಲ ಹೋದವು ಎಂದು ತಲೆ ತಗ್ಗಿಸಿಕೊಂಡು ಹೇಳಿದೆ. ಅವರು "ಹೋಗ್ಲಿ ಬಿಡಪ್ಪ. ಡಬ್ಬಿ ಇಲ್ದಿದ್ರೆ ಏನಂತೆ, ನಂಗೇ ಬಾಯಿಲ್ವಾ?" ಎಂದರು. ಮರುದಿನದಿಂದ ಅಂಗಳ ಗುಡಿಸುವಾಗ, ರಂಗೋಲಿ ಇಡುವಾಗ ತಾವೇ ಗುನುಗತೊಡಗಿದರು. ಸಾಲುಗಳು ನೆನಪಿಲ್ಲದ್ದರಿಂದ ಬರೀ ರಾಗ. ಅದೂ ಮರೆತಾಗ ಒಂದೇ ಸ್ವರ. ಬೀದಿಯವರು ಡಬ್ಬಿಗಿಂತ ಇದೇ ಮೇಲು ಎಂದರು.

ಹೊಸ ಕಾರ್ಡು ಬಂತು. ಸಾಕಷ್ಟು ದೊಡ್ಡದು. ಇಷ್ಟು ಜಾಗದಲ್ಲಿ ಬರೀ ಶ್ರುತಿಯೇ? ಖಾಲಿ ಕಪಾಟು ಕಂಡರೆ ಗ್ರಂಥಪಾಲಕನಿಗೆ ಕೈ ಕಡಿಯುತ್ತದೆ. ಶ್ರುತಿಗೊಂದು ಸಿಸ್ಟಂ, ಪುಸ್ತಕ ಓದುವುದಕ್ಕೊಂದು, ಪ್ರಯೋಗಕ್ಕೊಂದು. ಯಂತ್ರ ಹಚ್ಚಿದೊಡನೆ ಮೂರು ಹೆಸರಿನ ಮೆನು ಬರಬೇಕು, ಬೇಕಾದ್ದನ್ನು ಆರಿಸಿಕೊಳ್ಳಬೇಕು. ನಮ್ಮ ಬೀರೂರು ಜಂಕ್ಷನ್ನಿನ ಹಾಗೆ. ಬಂದ ರೈಲು ಶಿವಮೊಗ್ಗದ ಕಡೆಗೂ ಹೋಗಬಹುದು, ಹುಬ್ಬಳ್ಳಿಯ ಕಡೆಗೂ ಹೋಗಬಹುದು.

"ಹಾಡೋದು ಒಂದೇ ಶ್ರುತಿಗಲ್ವೇನ್ರೀ? ಮೂರ್ಯಾಕೆ?" ಎಂದಳು ಶೈಲಜಾ.

"ನಿನಗೆ ಗೊತ್ತಾಗಲ್ಲ ಕಣೇ, ಇದು ಮಲ್ಟಿ ಬೂಟ್" ಎಂದೆ. ಗಂಡಸರ ಇಂಥ ಮಾತುಗಳ ಹಿಂದೆಯೇ ಅನಾಹುತ ಬರುವುದು.

ಮೆನುವನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಭಾಷಾಭಿಮಾನಕ್ಕೆ ಒಪ್ಪಲಿಲ್ಲ. ಶ್ರುತಿ, ಗ್ರಂಥ, ಪ್ರಯೋಗ ಎಂದು ಅಚ್ಚ ಕನ್ನಡ ಅಕ್ಷರಗಳಲ್ಲಿ ಬರೆದೆ. ಯಂತ್ರ ಹಚ್ಚಿದೆ. ಪರದೆಯ ಮೇಲೆ ಮೂರು ಸಾಲು ಚೌಕಗಳು ಮೂಡಿದವು. ಆ ಪುಟ್ಟ ಮೆನುವಿಗೆ ಕನ್ನಡ ಬರುತ್ತಿರಲಿಲ್ಲ! ಹೋಗಲಿ, ಮೇಲಿನ ಚೌಕದ ಸಾಲು ಶ್ರುತಿ ಎಂದು ನೆನಪಿಟ್ಟುಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡು ಅದನ್ನು ಒತ್ತಿದೆ. ಪರದೆ ಕಪ್ಪಾಗಿ, ಸಣ್ಣ ಇಂಗ್ಲಿಷ್ ಅಕ್ಷರಗಳು ಮಳೆಹುಳುಗಳಂತೆ ಎದ್ದು, ಕೊನೆಯಲ್ಲಿ ಕರ್ನಲ್ ಪ್ಯಾನಿಕ್ ಎಂದು ಬಂತು. ಎಂದರೆ ಯಂತ್ರದ ತಿರುಳಿಗೇ ಗಾಬರಿಯಾಗಿದೆ. ಅದಕ್ಕೇ ಗಾಬರಿಯಾದರೆ ನನ್ನನ್ನು ಸಮಾಧಾನ ಮಾಡುವವರು ಯಾರು?

ಅಂದಿನಿಂದ ನಾನು ಅಜ್ಜಂಪುರದಿಂದ ಕಡೂರಿಗೆ ಹೋಗುವ ರೈಲನ್ನೇ ಕಾರ್ಯಾಗಾರ ಮಾಡಿಕೊಂಡೆ. ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್, ಕೈಯಲ್ಲಿ ಯಂತ್ರ. ಕಾರ್ಡ್ ತೆಗೆಯುವುದು, ತಿದ್ದುವುದು, ಹಾಕುವುದು, ಗಾಬರಿ ನೋಡುವುದು. ಒಂದು ದಿನ ತಪ್ಪು ಸಿಕ್ಕಿತು. ಕಾರ್ಡನ್ನು ನಾನು ಹಲವು ಭಾಗ ಮಾಡಿದ್ದೆ. ಯಾವ ಸಿಸ್ಟಂ ಎಲ್ಲಿದೆ ಎಂಬ ವಿಳಾಸವನ್ನು ಯಂತ್ರ ಮೊದಲ ಭಾಗದಲ್ಲಿ ಮಾತ್ರ ಹುಡುಕುತ್ತದೆ. ನಾನು ತಿದ್ದುತ್ತಿದ್ದದ್ದು ಎರಡನೆಯ ಭಾಗದಲ್ಲಿದ್ದ ನಕಲನ್ನು. ಇಷ್ಟು ದಿನ ಯಾರೂ ಓದದ ಪುಸ್ತಕಕ್ಕೆ ತಿದ್ದುಪಡಿ ಹಾಕುತ್ತಾ ಕೂತಿದ್ದೆ! ಸರಿಪಡಿಸಿ ಒತ್ತಿದೆ. ತಂಬೂರಿ ಮೊಳಗಿತು. ಸಂತೋಷಕ್ಕೆ ಪಕ್ಕದವರ ಕೈ ಕುಲುಕಿದೆ.

"ಕಡೂರು ಬಂತಾ?" ಎಂದು ಕೇಳಿದೆ.

"ಕಡೂರು ಹೋಗಿ ಎಷ್ಟೊತ್ತಾಯ್ತು ಸ್ವಾಮಿ. ಇದು ಅರಸೀಕೆರೆ" ಎಂದರು ಅವರು.

ಆ ದಿನ ಕಾಲೇಜಿನಲ್ಲಿ ಪುಸ್ತಕ ಬೇಕಾದವರು ಬಾಗಿಲ ಮುಂದೆ ಕಾದು ವಾಪಸ್ಸಾದರು. ನಾನು ಅರಸೀಕೆರೆ ಪ್ಲಾಟ್‌ಫಾರ್ಮಿನಲ್ಲಿ ಇಡ್ಲಿ ತಿನ್ನುತ್ತಾ ತಂಬೂರಿ ಕೇಳಿದೆ.

ಕೊನೆಗೂ ತರೀಕೆರೆಗೆ ಹೊರಡುವ ದಿನ ಬಂತು. ಬಾಡಿಗೆಗೆ ಗೊತ್ತುಮಾಡಿದ್ದ ಟೆಂಪೋ ಮನೆ ಮುಂದೆ ನಿಂತಿತ್ತು. ಡ್ರೈವರ್ ಮಂಜ ನಮ್ಮ ಬೀದಿಯವನೇ. ಹೆಂಗಸರೆಲ್ಲ ಒಂದೇ ಬಣ್ಣದ ಸೀರೆಯುಟ್ಟು ಸಿದ್ಧರಾಗಿದ್ದರು. ಹಿಂದಿನ ಸಂಜೆಯಷ್ಟೇ ಯಂತ್ರವನ್ನು ಹಚ್ಚಿ ನೋಡಿದ್ದೆ. ಮೆನು, ಶ್ರುತಿ ಎಲ್ಲ ಬಂಗಾರದ ಹಾಗಿತ್ತು. ಆಗ ಗಂಗಕ್ಕ ಕೇಳಿದರು:

"ಹೊಸ ಮಿಷನ್ನು ಊರು ದಾಟಿ ಹೊರಟೈತೆ. ವಿಭೂತಿ ಹಚ್ಚಿದ್ಯೇನಪ್ಪಾ?"

ಹಚ್ಚಿರಲಿಲ್ಲ. ನಮ್ಮ ಕಡೆ ಹೊಸ ಬೈಕಿಗೆ, ಮಿಕ್ಸಿಗೆ, ಬೋರ್‌ವೆಲ್ಲಿನ ಸ್ಟಾರ್ಟರಿಗೆ ವಿಭೂತಿ ಹಚ್ಚದೆ ಯಾರೂ ಚಾಲೂ ಮಾಡುವುದಿಲ್ಲ. ಕಾಲೇಜಿನ ಜೆರಾಕ್ಸ್ ಮಿಷನ್ನಿಗೂ ನಾನೇ ಪ್ರತಿವರ್ಷ ಹಚ್ಚುತ್ತೇನೆ. ಇಷ್ಟು ದೊಡ್ಡ ಹೊಣೆ ಹೊತ್ತ ಯಂತ್ರಕ್ಕೆ ಮರೆತಿದ್ದೆನಲ್ಲ! ದೇವರ ಮನೆಗೆ ಓಡಿದೆ. ಬಟ್ಟಲಲ್ಲಿ ವಿಭೂತಿ ನೆನೆಸಿ ಬೆರಳು ಅದ್ದಿದವನಿಗೆ ಹೊಸದೊಂದು ಯೋಚನೆ ಹೊಳೆಯಿತು. ಯಂತ್ರದ ಮೇಲೆ ಹಚ್ಚಿದರೆ ಬರೀ ಪ್ಲಾಸ್ಟಿಕ್ಕಿಗೆ ಹಚ್ಚಿದಂತೆ. ಅದರ ಜೀವವಿರುವುದು ಕಾರ್ಡಿನಲ್ಲಿ. ಪೂಜೆ ಸಲ್ಲಬೇಕಾದ್ದು ಜೀವಕ್ಕೆ.

ಕಾರ್ಡನ್ನು ಹೊರತೆಗೆದೆ. ಮೂರು ಬೆರಳಿಗೆ ಅದರ ಮೇಲೆ ಜಾಗವಿರಲಿಲ್ಲ. ಕಿರುಬೆರಳಿನ ತುದಿಯಿಂದ ಮೂರು ಪುಟ್ಟ ಗೆರೆ ಎಳೆಯಬೇಕಾಯಿತು. ಕಾರ್ಡಿನ ಮುಖ ಯಾವುದು, ಬೆನ್ನು ಯಾವುದು ಎಂಬ ಪ್ರಶ್ನೆಯನ್ನೂ ನಾನು ವೈಜ್ಞಾನಿಕವಾಗಿಯೇ ಬಗೆಹರಿಸಿದೆ. ಒಂದು ಕಡೆ ಬರೀ ಕಪ್ಪು. ಇನ್ನೊಂದು ಕಡೆ ಚಿನ್ನದ ಬಣ್ಣದ ಗೆರೆಗಳು. ಚಿನ್ನ ಇರುವ ಕಡೆಯೇ ಮುಖವಲ್ಲವೇ? ಅಲ್ಲಿಗೇ ಹಚ್ಚಿ, ಆರುವ ತನಕ ಗಾಳಿ ಹಾಕಿ, ಭಕ್ತಿಯಿಂದ ಒಳಗೆ ತೂರಿಸಿದೆ. ಪೂಜೆಯಾದ ಮೇಲೆ ಮತ್ತೆ ಪರೀಕ್ಷೆ ಮಾಡುವುದು ಶ್ರದ್ಧೆಯ ಲಕ್ಷಣವಲ್ಲ ಎಂದು ಯಂತ್ರವನ್ನು ಚಾಲೂ ಮಾಡಿ ನೋಡಲಿಲ್ಲ.

ತರೀಕೆರೆ ತಲುಪಿದ ಮೇಲೆ ನನ್ನ ಎರಡನೆಯ ದೂರದೃಷ್ಟಿಯನ್ನು ಪ್ರದರ್ಶಿಸಿದೆ. "ಬೀರೂರಿನ ಅವಮಾನ ಮರುಕಳಿಸಬಾರದು. ಎಲ್ಲರ ಫೋನುಗಳೂ ಟೆಂಪೋದಲ್ಲೇ ಇರತಕ್ಕದ್ದು" ಎಂದು ಅಪ್ಪಣೆ ಮಾಡಿದೆ. ಫೋನುಗಳೆಲ್ಲ ಒಂದು ಚೀಲ ಸೇರಿದವು, ಚೀಲ ಟೆಂಪೋ ಸೇರಿತು. ಮಂಜ ತಂಗಿ ಮನೆಯಲ್ಲಿ ಊಟ ಮಾಡಿ ಬರುತ್ತೇನೆಂದು ಟೆಂಪೋ ತೆಗೆದುಕೊಂಡು ಹೊರಟುಹೋದ. ನಾನು ನಿರೂಪಕರನ್ನು ಹುಡುಕಿ, ನಮ್ಮ ಬಳಗದ ಬಗ್ಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದೆ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಂಗೀತದ ಹಿರಿಯ ಮೇಷ್ಟ್ರು, ತೆಳ್ಳಗಿನ ಮನುಷ್ಯ, ಕಣ್ಣು ಮುಚ್ಚಿ ಕೂತಿದ್ದರು. ಅವರು ಹಾಡು ಕೇಳುವುದೇ ಹಾಗಂತೆ. ಬಳಗದವರು ವೇದಿಕೆಯ ಮೇಲೆ ಸಾಲಾಗಿ ಕೂತರು. ನಾನು ಪಕ್ಕದ ಪರದೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಗಂಗಕ್ಕನ ಬೆನ್ನ ಹಿಂದಿನಿಂದ ಬಂದಿದ್ದ ಸ್ಪೀಕರಿನ ವೈರನ್ನು ಯಂತ್ರಕ್ಕೆ ಚುಚ್ಚಿಕೊಂಡೆ. ನಿರೂಪಕರು ಗಂಟಲು ಸರಿಮಾಡಿಕೊಂಡು ಘೋಷಿಸಿದರು:

"ಈಗ ಅಜ್ಜಂಪುರದ ಬಳಗದವರಿಂದ ವಚನ ಗಾಯನ. ಆಧುನಿಕ ತಂತ್ರಜ್ಞಾನ ಹಾಗೂ ಅಪಾರ ಪರಿಶ್ರಮದಿಂದ ಸಿದ್ಧಗೊಂಡ ಅಂಗೈಯಗಲದ ಶ್ರುತಿ ಯಂತ್ರ ಇವರಿಗೆ ಶ್ರುತಿ ನೀಡಲಿದೆ."

ಚಪ್ಪಾಳೆ ಬಿತ್ತು. ನಾನು ಗುಂಡಿ ಒತ್ತಿದೆ.

ಚೌಕಗಳು ಬರಲಿಲ್ಲ. ಕೆಂಪು ಬಣ್ಣದ ಒಂದು ಕಾರು ಬಂತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಸಭಾಂಗಣದ ನಾಲ್ಕೂ ಮೂಲೆಗಳಿಂದ "ರೆಡಿ... ಗೋ!" ಎಂದು ಯಾರೋ ಇಂಗ್ಲಿಷಿನಲ್ಲಿ ಅಬ್ಬರಿಸಿದರು. ಇಂಜಿನ್ ಗುಡುಗಿತು. ಸದ್ದು ಇಳಿಸಲು ಒಂದು ಗುಂಡಿ ಒತ್ತಿದೆ. ಕಾರಿನ ವೇಗ ಹೆಚ್ಚಾಯಿತು. ಇನ್ನೊಂದು ಒತ್ತಿದೆ, ಹಾರ್ನ್ ಹೊಡೆಯಿತು. ಆಮೇಲೆ ಬ್ರೇಕಿನ ಕಿರಿಚಾಟ, ಢಬ್ ಎಂಬ ಸದ್ದು. ವಚನ ಗಾಯನದ ವೇದಿಕೆಯ ಮೇಲೆ ನಾನು ಅಪಘಾತ ಮಾಡಿದ್ದೆ. ವೈರನ್ನು ಕಿತ್ತುಬಿಟ್ಟೆ.

ಸಭೆಯ ಹಿಂದಿನಿಂದ ಯಾರೋ "ಹೊರಗಡೆ ಗಾಡಿ ಗುದ್ದಿಸಿದ್ರಾ ಹೆಂಗೆ, ನೋಡ್ಬಾರೋ" ಎನ್ನುವುದು ಕೇಳಿಸಿತು. ಇಬ್ಬರು ಎದ್ದು ನೋಡಲೂ ಹೋದರು. ದೇವರು ದೊಡ್ಡವನು.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಕೆಂಪು ಕಾರು. ಫೋನಿನ ತಂಬೂರಿಯಾದರೂ ಇರಲೆಂದರೆ ಫೋನುಗಳು ಚೀಲದಲ್ಲಿ, ಚೀಲ ಟೆಂಪೋದಲ್ಲಿ, ಟೆಂಪೋ ಮಂಜನ ತಂಗಿ ಮನೆಯ ಮುಂದೆ. ನನ್ನ ದೂರದೃಷ್ಟಿ ಎಲ್ಲ ದಾರಿಗಳನ್ನೂ ಅಚ್ಚುಕಟ್ಟಾಗಿ ಮುಚ್ಚಿತ್ತು.

ಶೈಲಜಾ ಪರದೆಯ ಕಡೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮನುಷ್ಯನನ್ನು ನಂಬಿದವಳು ನಾನೇ ಅಲ್ಲವೇ ಎಂಬ ನೋಟ ಅದು. ನಾನು ಬರೀ ತಲೆಯಾಡಿಸಿದೆ. ಭೂಮಿ ಬಾಯಿಬಿಡಲಿ ಎಂದು ಹೇಳುತ್ತಾರಲ್ಲ, ನಾನು ಅದಕ್ಕಾಗಿ ಜಾಗ ಕೂಡ ನೋಡಿಕೊಂಡಿದ್ದೆ.

ಅವಳು ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡಳು. ಆಮೇಲೆ ಹಿಂದಕ್ಕೆ ಬಾಗಿ ಮೆಲ್ಲಗೆ ಹೇಳಿದಳು:

"ಗಂಗಕ್ಕ, ಬೆಳಿಗ್ಗೆ ರಂಗೋಲಿ ಇಡ್ತಾ ಹಿಡೀತೀರಲ್ಲ, ಆ ಸ್ವರ. ಹಿಡ್ಕೊಳ್ಳಿ. ನಾನು ನಿಲ್ಸೋವರೆಗೂ ಬಿಡ್ಬೇಡಿ."

"ಬರೀ ಅಷ್ಟೇನಾ?"

"ಅಷ್ಟೇ."

ಗಂಗಕ್ಕ ಸೆರಗು ಹೊದ್ದು ನೆಟ್ಟಗೆ ಕೂತು, ಬಾಯಿ ಮುಚ್ಚಿಕೊಂಡೇ ಸ್ವರ ಹಿಡಿದರು. ತುಂಬಿದ, ಅಲುಗಾಡದ ಸ್ವರ. ಶೈಲಜಾ ಪಕ್ಕದವಳಿಗೆ ಕೈಸನ್ನೆ ಮಾಡಿದಳು. ಅವಳು ಪಂಚಮ ಹಿಡಿದಳು. ಮತ್ತಿಬ್ಬರು ಸೇರಿಕೊಂಡರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಹಿಡಿದಿರುತ್ತಿದ್ದರು. ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವರ್ಷಗಟ್ಟಲೆ ಪಕ್ಕಪಕ್ಕದಲ್ಲಿ ಕೂತು ಹಾಡಿದವರಿಗೆ ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಆ ನಾದದ ಮೇಲೆ ಶೈಲಜಾ ಹಾಡತೊಡಗಿದಳು.

ಅವಳು ಎಷ್ಟೋ ಸಲ ಹಾಡಿದ್ದನ್ನು ಕೇಳಿದ್ದೇನೆ, ಆದರೆ ಅಂದು ಹಾಡಿದ ಹಾಗೆ ಕೇಳಿರಲಿಲ್ಲ. ಭಯವೆಲ್ಲ ಎಲ್ಲಿ ಹೋಯಿತೋ. ಯಾವ ಯಂತ್ರದ ಹಂಗೂ ಇಲ್ಲದೆ, ಹಿಂದೆ ಕೂತ ಗೆಳತಿಯರ ಉಸಿರನ್ನೇ ನೆಚ್ಚಿಕೊಂಡು ಅವಳ ದನಿ ಮೇಲೇರಿತು, ನಿಂತಿತು, ಮೆತ್ತಗೆ ಇಳಿಯಿತು. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಅಪಘಾತ ನೋಡಲು ಹೊರಗೆ ಹೋಗಿದ್ದ ಇಬ್ಬರು ಬಾಗಿಲಲ್ಲೇ ನಿಂತುಬಿಟ್ಟರು. ನನಗೆ ಹೆಮ್ಮೆಯಿಂದ ಎದೆಯುಬ್ಬಿತು, ನಾಚಿಕೆಯಿಂದ ತಲೆ ತಗ್ಗಿತು. ಎರಡೂ ಒಟ್ಟಿಗೆ ಆಗುವಾಗ ಮನುಷ್ಯ ನೋಡಲು ಹೇಗಿರುತ್ತಾನೋ ಗೊತ್ತಿಲ್ಲ; ಪರದೆಯ ಹಿಂದೆ ಇದ್ದದ್ದು ಒಳ್ಳೆಯದಾಯಿತು.

ಆದರೂ ಕೈ ಸುಮ್ಮನಿರಲಿಲ್ಲ. ಕಾರ್ಡನ್ನು ಹೊರಗೆಳೆದು ಬೆಳಕಿಗೆ ಹಿಡಿದೆ. ಚಿನ್ನದ ಗೆರೆಗಳ ಮೇಲೆ ಬೆಳ್ಳಗೆ, ಮೂರು ಗೆರೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ಕಾರ್ಡು ಯಂತ್ರದೊಡನೆ ಮಾತಾಡುವುದು ಆ ಚಿನ್ನದ ಗೆರೆಗಳಿಂದಲೇ! ನಾನು ಮುಖ ಎಂದುಕೊಂಡು ಹಚ್ಚಿದ್ದು ಅದರ ಬಾಯಿಗೆ. ಕಾರ್ಡ್ ಬಾಯಿ ಬಿಡಲಾರದೆ ಹೋದಾಗ ಯಂತ್ರ ನಿಯಮದಂತೆ ಹೊಟ್ಟೆಯೊಳಗಿನ ಗೇಮು ತೆಗೆದಿತ್ತು. ಅದರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಪಂಚೆಯ ಅಂಚಿನಿಂದ ಉಜ್ಜಿ ಒರೆಸಿ ಮತ್ತೆ ಹಾಕಿದೆ. ಮೂರು ಸಾಲು ಚೌಕಗಳು ಥಳಥಳನೆ ಮೂಡಿದವು. ಇಂಥ ಸಂತೋಷದಲ್ಲಿ ಬುದ್ಧಿವಂತನಾದವನು ಯಂತ್ರವನ್ನು ಜೇಬಿಗಿಟ್ಟುಕೊಂಡು ಹಾಡು ಕೇಳುತ್ತಾನೆ. ನಾನು, ಈಗಲಾದರೂ ಶ್ರುತಿ ಕೊಡೋಣ ಎಂದು ವೈರಿನ ತುದಿಗೆ ಕೈ ಚಾಚಿದೆ. ಗಂಗಕ್ಕ ಓರೆಗಣ್ಣಿನಲ್ಲಿ ಅದನ್ನು ನೋಡಿದರು. ಹಿಡಿದ ಸ್ವರ ಕೂದಲೆಳೆಯಷ್ಟೂ ಅಲುಗದಂತೆ, ವೈರಿನ ತುದಿಯನ್ನು ತಮ್ಮ ಕಡೆ ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟರು. ಗಂಗಕ್ಕ ಕೂತ ಮೇಲೆ ಅಲ್ಲಿಂದ ವೈರು ತೆಗೆಯುವುದು ನನ್ನಂಥ ನರಪೇತಲನ ಕೈಯಲ್ಲಿ ಆಗುವ ಕೆಲಸವಲ್ಲ.

ಎಲ್ಲ ಬಳಗಗಳ ಹಾಡು ಮುಗಿದ ಮೇಲೆ ಹಿರಿಯ ಮೇಷ್ಟ್ರು ಮೈಕಿನ ಮುಂದೆ ಬಂದರು.

"ಯಂತ್ರದ ಶ್ರುತಿ ನನಗೆ ಸೇರೋದಿಲ್ಲ. ಅದರಲ್ಲಿ ಜೀವ ಇರೋದಿಲ್ಲ. ಇವತ್ತು ಅಜ್ಜಂಪುರದವರು ಯಂತ್ರ ತಂದಿದ್ದಾರೆ ಅಂತ ಕೇಳಿ, ಅಯ್ಯೋ ಅಂದುಕೊಂಡೆ. ಆದರೆ ಹಾಡಿದಾಕೆಯ ಕಂಠಕ್ಕೆ ಸರಿಸಮನಾಗಿ ಆ ಶ್ರುತಿ ನಿಂತಿತ್ತು. ಉಸಿರಾಡೋ ಯಂತ್ರ ನಾನು ಈವರೆಗೆ ಕೇಳಿರಲಿಲ್ಲ. ಯಾರಪ್ಪ ಅದನ್ನ ಮಾಡಿದೋರು? ಮೇಲೆ ಬರಬೇಕು."

ಯಾರೋ ನನ್ನನ್ನು ಪರದೆಯ ಹಿಂದಿನಿಂದ ಎಬ್ಬಿಸಿ ತಳ್ಳಿದರು. ಮೇಷ್ಟ್ರು ತಮ್ಮ ಕೈಯಾರೆ ನನಗೆ ಶಾಲು ಹೊದಿಸಿದರು. ಚಪ್ಪಾಳೆ ಜೋರಾಗಿ ಬಿತ್ತು. ನಿಜ ಹೇಳುತ್ತೇನೆ, ಶಾಲು ಬೆಚ್ಚಗಿತ್ತು. ಸುಮ್ಮನೆ ಕೈಮುಗಿದು ಇಳಿದುಬಿಡಬಹುದಿತ್ತು. ಬಳಗದ ಹೆಂಗಸರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಶೈಲಜಾ ಅಲ್ಲೇ ಕೂತು ನನ್ನನ್ನೇ ನೋಡುತ್ತಿದ್ದಳು.

"ಸರ್, ಆ ಶ್ರುತಿ ನನ್ನ ಯಂತ್ರದ್ದಲ್ಲ" ಎಂದೆ ಮೈಕಿನಲ್ಲಿ. "ನನ್ನ ಯಂತ್ರದ್ದು ಮೊದಲು ಕೇಳಿಸಿತಲ್ಲ, ಆ ಕಾರು. ಶ್ರುತಿ ಹಿಡಿದದ್ದು ಇವರು, ಗಂಗಕ್ಕ ಮತ್ತು ಗೆಳತಿಯರು."

ಸಭಾಂಗಣ ನಕ್ಕಿತು. ಈ ಸಲ ಅವರು ನಕ್ಕದ್ದು ನನ್ನನ್ನು ನೋಡಿ. ಅಷ್ಟರಮಟ್ಟಿಗೆ ಕಾರ್ಯಕ್ರಮ ಸುಧಾರಿಸಿತ್ತು. ಶಾಲನ್ನು ತೆಗೆದು ಗಂಗಕ್ಕನಿಗೆ ಹೊದಿಸಿದೆ. ಮೇಷ್ಟ್ರು ಗಂಗಕ್ಕನ ಎದುರು ಬಂದು, "ಇನ್ನೊಂದ್ಸಲ ಹಿಡೀಮ್ಮ" ಎಂದು ಕಣ್ಣು ಮುಚ್ಚಿ ನಿಂತರು. ಗಂಗಕ್ಕ ಹಿಡಿದರು. ಕಣ್ಣು ತೆರೆದಾಗ ಮೇಷ್ಟ್ರ ರೆಪ್ಪೆ ಒದ್ದೆಯಾಗಿತ್ತು.

"ಚಿಕ್ಕಮಗಳೂರಿಗೆ ಇವರೇ ಹಾಡ್ಲಿ" ಎಂದರು. "ಶ್ರುತಿಯೂ ಇದೇ ಬರ್ಲಿ."

ಸಂಜೆ ಟೆಂಪೋ ಅಜ್ಜಂಪುರದ ಕಡೆ ಹೊರಟಾಗ ಒಳಗೆ ಹಬ್ಬದ ಗದ್ದಲ. ನಾನು ಶೈಲಜಾಳ ಪಕ್ಕದಲ್ಲಿ ಮೂಲೆ ಹಿಡಿದು ಕೂತಿದ್ದೆ.

"ತಪ್ಪಾಯ್ತು ಕಣೇ. ನೀನು ಮುಟ್ಬೇಡಿ ಅಂದಾಗಲೇ ಬಿಡಬೇಕಿತ್ತು" ಎಂದೆ.

"ಹೋಗ್ಲಿ ಬಿಡ್ರೀ" ಎಂದು ಅವಳು ನಕ್ಕಳು. "ನೀವು ಅದನ್ನ ಕೆಡಿಸ್ದೆ ಇದ್ದಿದ್ರೆ ಗಂಗಕ್ಕನ ಶ್ರುತಿ ನಮ್ಮ ಪಕ್ಕದಲ್ಲೇ ಇದೆ ಅಂತ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ."

ಇಷ್ಟು ಹೊತ್ತು ಕುಗ್ಗಿ ಕೂತಿದ್ದವನಿಗೆ ಈ ಒಂದು ಮಾತು ಸಾಕಾಯಿತು. ಹಾಗಾದರೆ ಇಂದಿನ ಯಶಸ್ಸಿನಲ್ಲಿ ನನ್ನ ಪಾಲೂ ಇದೆ ಎಂದಾಯಿತಲ್ಲ! ತಕ್ಷಣ ಹೊಸ ಯೋಜನೆಯೊಂದು ತಲೆಯಲ್ಲಿ ಮೂಡಿತು. ಬಳಗದ ಶ್ರುತಿಗೆ ಎಲ್ಲವೂ ಇದೆ, ಕೆಳಗಿನ ಸ್ಥಾಯಿಯ ಒಂದು ಗಂಡು ದನಿ ಮಾತ್ರ ಇಲ್ಲ. ಅದೊಂದು ಸೇರಿದರೆ ಚಿಕ್ಕಮಗಳೂರಿನ ವೇದಿಕೆ ನಡುಗಬೇಕು. ಇದನ್ನು ಎಲ್ಲರಿಗೂ ಕೇಳುವಂತೆ ವಿವರಿಸಿ, ಆ ಹೊಣೆಯನ್ನು ಹೊರಲು ನಾನು ಸಿದ್ಧ ಎಂದೂ ತಿಳಿಸಿದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಲ್ಲಿ, ಹಿಡೀರಿ ನೋಡೋಣ" ಎಂದಳು ಶೈಲಜಾ.

ನೆಟ್ಟಗೆ ಕೂತೆ. ಕಣ್ಣು ಮುಚ್ಚಿದೆ. ಹೊಟ್ಟೆಯ ಆಳದಿಂದ ಸ್ವರ ಎತ್ತಿ, ಬಾಯಿ ಮುಚ್ಚಿಕೊಂಡು, ಉಸಿರು ಮುಗಿಯುವ ತನಕ ಹಿಡಿದೆ. ಟೆಂಪೋದಲ್ಲಿ ಗದ್ದಲವೆಲ್ಲ ನಿಂತುಹೋಯಿತು. ನನಗೇ ರೋಮಾಂಚನವಾಯಿತು. ಅಷ್ಟರಲ್ಲಿ ಗಾಡಿ ನಿಧಾನವಾಗಿ ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಕಣ್ಣು ಬಿಟ್ಟು ನೋಡಿದರೆ, ಮಂಜ ಕೆಳಗಿಳಿದು ಹಿಂದಿನ ಚಕ್ರದ ಹತ್ತಿರ ಬಗ್ಗಿ, ಟಯರನ್ನು ಒದ್ದು ಒದ್ದು ನೋಡುತ್ತಿದ್ದ.

ಗಂಗಕ್ಕ ಹೊಸ ಶಾಲು ಸರಿಮಾಡಿಕೊಂಡು ಕಿಟಕಿಯಿಂದ ಹೊರಗೆ ತಲೆ ಹಾಕಿದರು.

"ಟಯರ್ ಸರಿಯಾಗೇ ಐತೆ, ಹತ್ತೋ ಮಂಜ. ಅದು ನಮ್ಮ ಲೈಬ್ರರಿ ಮೇಷ್ಟ್ರು."